ಹಳದಿ ಜ್ವರವೂ ನಮ್ಮ ನೀರಿನ ತೊಟ್ಟಿಯೂ

ಹಳದಿ ಜ್ವರವೆಂಬ ಹೆಸರನ್ನು ಕೇಳಿದೊಡನೆಯೇ ನಮ್ಮವರಲ್ಲಿ ಹಲವರು, “ಓಹೋ, ಕಾಮಾಲೆಯೇ? ಅದಕ್ಕೇನಂತೆ, ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕುಡಿಸಿದರಾಯಿತು” ಎಂದುಬಿಡುತ್ತಾರೆ. ಕಣ್ಣೂ ಮೈಯೂ ಹಳದಿಯಾಗುವುದೊಂದನ್ನು ಬಿಟ್ಟರೆ ಇವೆರಡೂ ಒಂದೇ ಅಲ್ಲ. ಕಾಮಾಲೆಯೆಂಬುದು ಒಂದು ಲಕ್ಷಣ. ಯಕೃತ್ತು ಕೆಟ್ಟಾಗ ಹತ್ತಾರು ಕಾರಣಗಳಿಂದ ಕಾಣಿಸಿಕೊಳ್ಳತಕ್ಕದ್ದು. ಹಳದಿ ಜ್ವರವಾದರೋ ಒಂದು ಗೊತ್ತಾದ ವೈರಸ್ಸಿನಿಂದ, ಗೊತ್ತಾದ ಕೆಲವು ಸೊಳ್ಳೆಗಳ ಮೂಲಕ ಬರುವ ರೋಗ. ಭರತಖಂಡದಲ್ಲಿ ಅದು ಇದುವರೆಗೆ ಹರಡಿದುದಿಲ್ಲ. ಹಾಗಾದರೆ ಇಲ್ಲದ ರೋಗದ ಮಾತು ನಮಗೇಕೆ, ಅದರಲ್ಲಿಯೂ ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ವೈದ್ಯಶಾಸ್ತ್ರದ ಉಸಾಬರಿ ಏಕೆ ಎಂದು ಮಿತ್ರರು ಕೇಳಬಹುದು. ಇದು ವೈದ್ಯರ ವಿಷಯವಾಗಿರುವಷ್ಟೇ ಚರಿತ್ರೆಯ ವಿಷಯ, ಪೌರನೀತಿಯ ವಿಷಯ ಎಂಬುದು ನನ್ನ ಅಭಿಪ್ರಾಯ. ಇಲ್ಲದ ರೋಗವು ಇಲ್ಲದಂತೆಯೇ ಉಳಿಯಬೇಕಾದರೆ ಅದಕ್ಕೆ ವೈದ್ಯರೊಬ್ಬರೇ ಸಾಲರು.

ಮೊದಲು ರೋಗದ ರೀತಿಯನ್ನು ತಿಳಿಯೋಣ. ಸೋಂಕು ಹೊತ್ತ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳೊಳಗೆ ಜ್ವರ, ತಲೆನೋವು, ಬೆನ್ನುನೋವು, ವಾಂತಿ ಆರಂಭವಾಗುತ್ತವೆ. ಮೂರು ನಾಲ್ಕು ದಿನಗಳಲ್ಲಿ ಬಹುಮಂದಿ ಗುಣವಾಗಿ ಏಳುತ್ತಾರೆ. ಕೆಲವರಲ್ಲಿ ಮಾತ್ರ, ಜ್ವರ ಇಳಿದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ, ಒಂದು ದಿನದೊಳಗೇ ರೋಗ ಮರಳಿ ಏರುತ್ತದೆ. ಆಗ ಯಕೃತ್ತೂ ಮೂತ್ರಪಿಂಡಗಳೂ ಕೆಡುತ್ತವೆ, ಮೈ ಹಳದಿಯಾಗುತ್ತದೆ, ಬಾಯಿ ಮೂಗುಗಳಿಂದ ರಕ್ತ ಸೋರುತ್ತದೆ, ಹೊಟ್ಟೆಯೊಳಗೆ ಸುರಿದ ರಕ್ತವು ಕಪ್ಪಾಗಿ ವಾಂತಿಯಾಗುತ್ತದೆ. ಸ್ಪೇನ್ ದೇಶದವರು ಇದಕ್ಕೆ ‘ಕರಿಯ ವಾಂತಿ’ ಎಂದೇ ಹೆಸರಿಟ್ಟಿದ್ದರು. ಈ ಎರಡನೆಯ ಘಟ್ಟವನ್ನು ಮುಟ್ಟಿದವರಲ್ಲಿ ಅರ್ಧದಷ್ಟು ಮಂದಿ ಏಳರಿಂದ ಹತ್ತು ದಿನಗಳಲ್ಲಿ ತೀರಿಕೊಳ್ಳುತ್ತಾರೆ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಂದಿಗೂ ಕೈಗೆ ಬಂದಿಲ್ಲ. ಶುಶ್ರೂಷೆಯುಂಟು, ಚಿಕಿತ್ಸೆಯಿಲ್ಲ. ಆದುದರಿಂದ ಬಾರದಂತೆ ತಡೆಯುವುದೊಂದೇ ದಾರಿ.

ಈ ರೋಗದ ತವರು ಆಫ್ರಿಕ. ಗುಲಾಮರನ್ನು ಹೊತ್ತು ಅಟ್ಲಾಂಟಿಕ್ ದಾಟಿದ ಹಡಗುಗಳಲ್ಲಿ ಕುಡಿಯುವ ನೀರಿನ ಪೀಪಾಯಿಗಳಿದ್ದುವು. ಆ ಪೀಪಾಯಿಗಳಲ್ಲಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯ ಮರಿಗಳಿದ್ದುವು. ಮನುಷ್ಯನನ್ನು ಸರಪಣಿಯಲ್ಲಿ ಕಟ್ಟಿ ಮಾರಿದ ವ್ಯಾಪಾರವು ಸೊಳ್ಳೆಯನ್ನೂ ರೋಗವನ್ನೂ ಬಿಟ್ಟಿಯಾಗಿ ಸಾಗಿಸಿತು. ೧೭೯೩ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಂದಿನ ರಾಜಧಾನಿ ಫಿಲಡೆಲ್ಫಿಯದಲ್ಲಿ ಸುಮಾರು ೫,೦೦೦ ಮಂದಿ, ಎಂದರೆ ಊರಿನ ಹತ್ತರಲ್ಲೊಂದು ಪಾಲು, ಸತ್ತರು. ಕಪ್ಪು ಜನರಿಗೆ ಈ ರೋಗ ತಗಲದೆಂದು ನಂಬಿ ಅವರನ್ನು ಶುಶ್ರೂಷೆಗೂ ಹೆಣ ಹೊರುವುದಕ್ಕೂ ಕರೆದರು. ಅವರು ಬಂದರು, ದುಡಿದರು, ಅವರಲ್ಲಿಯೂ ಅನೇಕರು ಸತ್ತರು. ೧೮೦೧ರ ಕೊನೆಯಲ್ಲಿ ಹೈತಿಯ ದಂಗೆಯನ್ನು ಮುರಿಯಲು ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೇರನನ್ನು ದೊಡ್ಡ ಸೈನ್ಯದೊಡನೆ ಕಳುಹಿಸಿದನು. ಸೈನಿಕರು ಸಾವಿರ ಸಾವಿರವಾಗಿ ಹಳದಿ ಜ್ವರದಿಂದ ಮಡಿದರು. ೧೮೦೨ರ ನವೆಂಬರಿನಲ್ಲಿ ಲೆಕ್ಲೇರನೂ ಮಡಿದನು. ಮುಂದಿನ ವರ್ಷ ನೆಪೋಲಿಯನ್ ಲೂಯಿಸಿಯಾನ ಪ್ರಾಂತ್ಯವನ್ನು ಅಮೆರಿಕಕ್ಕೆ ಮಾರಿಬಿಟ್ಟನು. ೧೮೦೪ರ ಜನವರಿ ೧ರಂದು ಹೈತಿ ಸ್ವತಂತ್ರವಾಯಿತು. ನಮ್ಮ ಚರಿತ್ರೆಯ ಪಠ್ಯಗಳಲ್ಲಿ ಈ ಮಾರಾಟದ ಕತೆ ಬರುತ್ತದೆ, ಸೊಳ್ಳೆಯ ಹೆಸರು ಬರುವುದಿಲ್ಲ.

ರೋಗಕ್ಕೆ ಕಾರಣವೇನೆಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಕೆಟ್ಟ ಗಾಳಿಯೆಂದರು, ಕೊಳೆತ ಕಾಫಿಯ ಮೂಟೆಯೆಂದರು, ರೋಗಿಯ ಹಾಸಿಗೆ ಬಟ್ಟೆಯೆಂದರು. ೧೮೮೧ರಲ್ಲಿ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಹವಾನಾದ ವಿಜ್ಞಾನ ಪರಿಷತ್ತಿನ ಮುಂದೆ ನಿಂತು, ಇದನ್ನು ಹರಡುವುದು ಸೊಳ್ಳೆ ಎಂದನು. ಯಾವ ಸೊಳ್ಳೆಯೆಂಬುದನ್ನೂ ಸರಿಯಾಗಿಯೇ ಗುರುತಿಸಿದನು. ರೊನಾಲ್ಡ್ ರಾಸ್ ನಮ್ಮ ಸಿಕಂದರಾಬಾದಿನಲ್ಲಿ ಮಲೇರಿಯಾದ ರಹಸ್ಯವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ೧೮೯೭ರಲ್ಲಿ. ಫಿನ್ಲೆ ಅದಕ್ಕೂ ೧೬ ವರ್ಷ ಮೊದಲೇ ಮಾತನಾಡಿದ್ದನು. ಜನ ನಕ್ಕರು. ನಗುವುದಕ್ಕೆ ಒಂದು ನೆಪವೂ ಇದ್ದಿತು: ಅವನ ಪ್ರಯೋಗಗಳು ನೆಟ್ಟಗೆ ಫಲಿಸಲಿಲ್ಲ. ರೋಗಿಯನ್ನು ಕಚ್ಚಿದ ಸೊಳ್ಳೆಯಿಂದ ಕೆಲವೇ ದಿನಗಳಲ್ಲಿ ಇನ್ನೊಬ್ಬನನ್ನು ಕಚ್ಚಿಸಿದರೆ ಏನೂ ಆಗುತ್ತಿರಲಿಲ್ಲ. ಕಾರಣ ಮುಂದೆ ತಿಳಿಯಿತು. ರೋಗಿಯ ರಕ್ತದಲ್ಲಿ ವಿಷವಿರುವುದು ಜ್ವರದ ಮೊದಲ ಮೂರು ನಾಲ್ಕು ದಿನ ಮಾತ್ರ. ಅದನ್ನು ಹೀರಿದ ಸೊಳ್ಳೆಯ ಮೈಯಲ್ಲಿ ವೈರಸ್ಸು ಬೆಳೆದು ಜೊಲ್ಲಿಗೆ ಬರಲು ಸುಮಾರು ಹನ್ನೆರಡು ದಿನ ಬೇಕು. ಆತುರಪಟ್ಟ ಪ್ರಯೋಗಕ್ಕೆ ಸೊಳ್ಳೆ ಗುಟ್ಟು ಬಿಟ್ಟುಕೊಡಲಿಲ್ಲ.

೧೯೦೦ರಲ್ಲಿ ಅಮೆರಿಕದ ಸೈನ್ಯವು ವಾಲ್ಟರ್ ರೀಡ್ ಎಂಬ ವೈದ್ಯನ ಮುಂದಾಳುತನದಲ್ಲಿ ನಾಲ್ವರ ಆಯೋಗವೊಂದನ್ನು ಹವಾನಾಕ್ಕೆ ಕಳುಹಿಸಿತು. ಫಿನ್ಲೆ ತಾನು ಜೋಪಾನಮಾಡಿದ್ದ ಸೊಳ್ಳೆಯ ಮೊಟ್ಟೆಗಳನ್ನು ಅವರ ಕೈಗಿತ್ತನು. ಆಯೋಗದ ಜೇಮ್ಸ್ ಕ್ಯಾರೊಲ್ ತನ್ನ ತೋಳಿಗೇ ಸೊಳ್ಳೆ ಕಚ್ಚಿಸಿಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದನು. ಜೆಸ್ಸಿ ಲೇಝಿಯರ್ ಸೆಪ್ಟೆಂಬರ್ ೨೫ರಂದು ಸತ್ತೇಹೋದನು. ಅನಂತರ ರೀಡ್ ಎರಡು ಸಣ್ಣ ಮರದ ಮನೆಗಳನ್ನು ಕಟ್ಟಿಸಿದನು. ಒಂದರಲ್ಲಿ ಸತ್ತ ರೋಗಿಗಳ ವಾಂತಿ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ತುಂಬಿ, ಸೊಳ್ಳೆ ನುಸುಳದಂತೆ ಬಿಗಿಮಾಡಿ, ಮೂವರನ್ನು ಇಪ್ಪತ್ತು ರಾತ್ರಿ ಮಲಗಿಸಿದನು. ನಾತಕ್ಕೆ ಹೊಟ್ಟೆ ತೊಳಸಿತೇ ಹೊರತು ಯಾರಿಗೂ ಜ್ವರ ಬರಲಿಲ್ಲ. ಇನ್ನೊಂದು ಮನೆ ಬಹು ಚೊಕ್ಕಟ. ನಡುವೆ ತಂತಿಯ ಜಾಲರಿ, ಜಾಲರಿಯ ಒಂದು ಕಡೆ ಮಾತ್ರ ಸೊಳ್ಳೆಗಳು. ಆ ಕಡೆಗೆ ಹೋದವನು ಜ್ವರದಿಂದ ಮಲಗಿದನು. ಅದೇ ಗಾಳಿಯನ್ನು ಉಸಿರಾಡುತ್ತ ಈ ಕಡೆ ಇದ್ದವರು ಆರೋಗ್ಯವಾಗಿದ್ದರು. ಇಷ್ಟು ನೇರವಾದ ಪ್ರಯೋಗವನ್ನು ತರ್ಕಶಾಸ್ತ್ರದ ತರಗತಿಯಲ್ಲಿ ಹೇಳಿಕೊಟ್ಟರೆ ಎಷ್ಟು ಚೆನ್ನ ಎಂದು ನನಗೆ ಅನೇಕ ಸಲ ಅನಿಸಿದೆ.

ಈ ಪ್ರಯೋಗಕ್ಕೆ ಒಳಪಟ್ಟವರಲ್ಲಿ ಸ್ಪೇನಿನಿಂದ ಆಗತಾನೆ ಬಂದಿಳಿದ ಬಡ ಕೂಲಿಗಳೂ ಇದ್ದರು. ಅಪಾಯವನ್ನು ಬರೆದು ತಿಳಿಸಿ, ಅವರ ಭಾಷೆಯಲ್ಲಿಯೇ ಒಪ್ಪಂದಪತ್ರ ಮಾಡಿಸಿ, ೧೦೦ ಡಾಲರು ಚಿನ್ನದ ನಾಣ್ಯ, ರೋಗ ಬಂದರೆ ಮತ್ತೆ ೧೦೦ ಎಂದು ಗೊತ್ತುಮಾಡಿದ್ದರು. ಲಿಖಿತ ಒಪ್ಪಿಗೆ ಪಡೆದದ್ದು ಆ ಕಾಲಕ್ಕೆ ದೊಡ್ಡ ಮಾತೇ ಸರಿ. ಆದರೂ ಹಸಿದವನು ಚಿನ್ನವನ್ನು ಕಂಡು ಹಾಕಿದ ರುಜುವನ್ನು ಎಷ್ಟರಮಟ್ಟಿಗೆ ಒಪ್ಪಿಗೆಯೆನ್ನಬಹುದೆಂಬುದನ್ನು ನೀತಿಶಾಸ್ತ್ರದ ಅಧ್ಯಾಪಕರೇ ಹೇಳಬೇಕು.

ಮುಂದಿನ ಕತೆಯಲ್ಲಿಯೇ ನಮಗೆ ಬೇಕಾದ ಪಾಠವಿರುವುದು. ಹವಾನಾದ ಆರೋಗ್ಯಾಧಿಕಾರಿ ವಿಲಿಯಂ ಗೊರ್ಗಾಸ್ ಇದಕ್ಕೆ ಮೊದಲೇ ಆ ಊರನ್ನು ಗುಡಿಸಿ ಸಾರಿಸಿ ಕನ್ನಡಿಯಂತೆ ಮಾಡಿದ್ದನು. ಕಸ ಹೋಯಿತು, ಹೊಲಸು ಹೋಯಿತು, ಹಳದಿ ಜ್ವರ ಮಾತ್ರ ೧೯೦೦ರಲ್ಲಿ ಹೆಚ್ಚಿತು! ಈ ಸೊಳ್ಳೆಗೆ ಚರಂಡಿ ಬೇಡ. ಮನೆಯೊಳಗಿನ ತಿಳಿನೀರೇ ಬೇಕು. ೧೯೦೧ರ ಫೆಬ್ರವರಿಯಿಂದ ಗೊರ್ಗಾಸ್ ದಾರಿ ಬದಲಾಯಿಸಿದನು. ರೋಗಿಯನ್ನು ಸೊಳ್ಳೆ ಮುಟ್ಟದಂತೆ ಪರದೆಯೊಳಗಿಟ್ಟನು. ಮನೆಮನೆಗೂ ತನಿಖೆಯವರನ್ನು ಕಳುಹಿಸಿ ತೊಟ್ಟಿಗಳಿಗೆ ಮುಚ್ಚಳ ಹಾಕಿಸಿದನು, ಎಣ್ಣೆ ಬಿಡಿಸಿದನು, ಮರಿ ಕಂಡಲ್ಲಿ ದಂಡ ಹಾಕಿದನು. ಜನ ಗೊಣಗಿದರು. ಆದರೆ ಒಂದೂವರೆ ಶತಮಾನದಿಂದ ಕಾಡುತ್ತಿದ್ದ ರೋಗವು ವರ್ಷ ತುಂಬುವುದರೊಳಗೆ ಹವಾನಾದಿಂದ ಕಾಲ್ತೆಗೆಯಿತು.

ಅವನೇ ೧೯೦೪ರಲ್ಲಿ ಪನಾಮಾಕ್ಕೆ ಹೋದನು. ಅಲ್ಲಿ ಫ್ರೆಂಚರು ೧೮೮೧ರಿಂದ ೧೮೮೯ರವರೆಗೆ ಕಾಲುವೆ ತೋಡಲು ಹೆಣಗಿ, ೨೦,೦೦೦ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಹಿಮ್ಮೆಟ್ಟಿದ್ದರೆಂದು ಅಂದಾಜು. ಅವರ ಆಸ್ಪತ್ರೆ ಚೆಲುವಾದದ್ದೇ. ಆದರೆ ರೋಗಿಗಳ ಮಂಚಕ್ಕೆ ಇರುವೆ ಹತ್ತದಿರಲೆಂದು ಮಂಚದ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಟ್ಟಿದ್ದರು. ಇರುವೆ ಹತ್ತಲಿಲ್ಲ, ಬಟ್ಟಲುಗಳಲ್ಲಿ ಸೊಳ್ಳೆ ಹುಟ್ಟಿತು. ಬೇರೆ ಕಾಯಿಲೆಗೆಂದು ಬಂದವನು ಹಳದಿ ಜ್ವರದಿಂದ ಸತ್ತನು. ಈ ಸಂಗತಿಯನ್ನು ಓದುವಾಗ ನಮ್ಮ ಅಡಿಗೆಮನೆಗಳಲ್ಲಿ ತಿಂಡಿಯ ಬೀರುವಿನ ಕಾಲಿಗೆ ಇಡುವ ನೀರಿನ ಬಟ್ಟಲುಗಳು ಕಣ್ಣ ಮುಂದೆ ಬಾರದಿರವು. ಪನಾಮಾದಲ್ಲಿ ೧೯೦೬ರ ಹೊತ್ತಿಗೆ ಈ ಜ್ವರ ನಿಂತಿತು. ೧೯೧೪ರ ಆಗಸ್ಟ್ ೧೫ರಂದು ಕಾಲುವೆ ತೆರೆಯಿತು.

ರೋಗವನ್ನು ಭೂಮಿಯ ಮೇಲಿನಿಂದಲೇ ಅಳಿಸಿಬಿಡಬಹುದೆಂದು ಆ ಗೆಲುವಿನಿಂದ ಹಲವರು ನಂಬಿದರು. ೧೯೩೨ರಲ್ಲಿ ಬ್ರೆಜಿಲಿನ ಹಳ್ಳಿಗಾಡಿನಲ್ಲಿ, ಈಡಿಸ್ ಈಜಿಪ್ಟೈ ಇಲ್ಲದ ಕಡೆಯಲ್ಲಿಯೂ ಹಳದಿ ಜ್ವರ ಕಂಡಾಗ ಆ ಆಸೆ ಮುರಿಯಿತು. ಕಾಡಿನ ಮಂಗಗಳೂ ಮರದ ತುದಿಯ ಸೊಳ್ಳೆಗಳೂ ಇದನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಸಿಡುಬು ಮನುಷ್ಯನಲ್ಲಿ ಮಾತ್ರ ಇದ್ದುದರಿಂದ ಅದನ್ನು ಬೇರುಸಹಿತ ಕಿತ್ತು, ೧೯೮೦ರಲ್ಲಿ ಹೋಯಿತೆಂದು ಸಾರಲು ಸಾಧ್ಯವಾಯಿತು. ಇದನ್ನು ಹಾಗೆ ಕೀಳಲಾಗದು. ಇಂದಿಗೂ ಆಫ್ರಿಕದ ೩೪ ಮತ್ತು ಮಧ್ಯ ಹಾಗೂ ದಕ್ಷಿಣ ಅಮೆರಿಕದ ೧೩ ದೇಶಗಳಲ್ಲಿ ಇದು ಬೀಡುಬಿಟ್ಟಿದೆ.

ಉಳಿದ ಉಪಾಯ ಲಸಿಕೆ. ಅದಕ್ಕೂ ಭಾರತಕ್ಕೂ ಒಂದು ನಂಟಿದೆಯೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ೧೯೨೭ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಅಸಿಬಿ ಎಂಬ ಸಾಮಾನ್ಯ ಮನುಷ್ಯನೊಬ್ಬನು ಜ್ವರದಿಂದ ಮಲಗಿದ್ದನು. ಅವನ ರಕ್ತವನ್ನು ಆಫ್ರಿಕದ ಮಂಗಗಳಿಗೆ ಚುಚ್ಚಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಅವು ತಲೆತಲಾಂತರದಿಂದ ಈ ರೋಗವನ್ನು ಕಂಡು ಗಟ್ಟಿಯಾದವು. ವಿಜ್ಞಾನಿಗಳು ಭಾರತದಿಂದ ತರಿಸಿದ ರೀಸಸ್ ಮಂಗಕ್ಕೆ ಚುಚ್ಚಿದರು. ಅದು ಸತ್ತಿತು, ಅಸಿಬಿ ಬದುಕಿದನು, ವೈರಸ್ಸು ಕೈಗೆ ಸಿಕ್ಕಿತು. ಈ ಕೆಲಸದಲ್ಲಿ ತೊಡಗಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಲಾಗೋಸಿನಲ್ಲಿ ಹಳದಿ ಜ್ವರದಿಂದಲೇ ತೀರಿಕೊಂಡನು. ರೋಗಕ್ಕೆ ಬೇರೊಂದು ಜೀವಾಣುವೇ ಕಾರಣವೆಂದು ಸಾಧಿಸುತ್ತಿದ್ದ ಜಪಾನಿನ ಹಿದೆಯೊ ನೊಗುಚಿ ಅದನ್ನು ಪರೀಕ್ಷಿಸಲು ಆಕ್ರಾಕ್ಕೆ ಹೋಗಿ, ೧೯೨೮ರ ಮೇ ತಿಂಗಳಲ್ಲಿ ಅದೇ ರೋಗಕ್ಕೆ ತುತ್ತಾದನು. ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಮ್ಯಾಕ್ಸ್ ಥೀಲರ್ ನ್ಯೂಯಾರ್ಕಿನಲ್ಲಿ ಇಲಿಯ, ಕೋಳಿಯ ಭ್ರೂಣದ ಅಂಗಾಂಶಗಳಲ್ಲಿ ನೂರಾರು ಬಾರಿ ಸಾಕಿ ಸಾಕಿ ಸಾಧುಮಾಡಿದನು. ೧೯೩೭ರಲ್ಲಿ ‘೧೭ಡಿ’ ಎಂಬ ಲಸಿಕೆ ಸಿದ್ಧವಾಯಿತು. ೧೯೫೧ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಇಂದು ಲೋಕದಲ್ಲೆಲ್ಲ ಚುಚ್ಚುತ್ತಿರುವ ಲಸಿಕೆ ಅದರ ಸಂತಾನವೇ. ಹೆಸರಾಂತವರ ಹೆಸರು ಪುಸ್ತಕದಲ್ಲಿ ನಿಲ್ಲುವುದು ಸಹಜ. ಇಲ್ಲಿ ಒಬ್ಬ ರೋಗಿಯ ಹೆಸರೂ ನಿಂತಿದೆ, ನಮ್ಮ ದೇಶದ ಆ ಮೂಕ ಮಂಗಕ್ಕೆ ಮಾತ್ರ ಹೆಸರಿಲ್ಲ.

ಲಸಿಕೆಯ ಚರಿತ್ರೆಯಲ್ಲಿ ಕಪ್ಪು ಚುಕ್ಕೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ೧೯೪೨ರಲ್ಲಿ ಲಸಿಕೆಗೆ ಬೆರೆಸುತ್ತಿದ್ದ ಮನುಷ್ಯ ರಕ್ತದ್ರವದಲ್ಲಿ ಬೇರೊಂದು ಕಾಮಾಲೆಯ ವಿಷವಿದ್ದು, ಅಮೆರಿಕದ ಸೈನಿಕರು ಸುಮಾರು ೫೦,೦೦೦ ಮಂದಿ ಆಸ್ಪತ್ರೆ ಸೇರಿದರು. ಆ ದ್ರವವನ್ನು ಬಿಟ್ಟುಬಿಟ್ಟ ಮೇಲೆ ಆ ತೊಂದರೆ ನಿಂತಿತು. ಇಂದಿಗೂ ಎಳೆಕೂಸುಗಳಿಗೆ, ಮೊಟ್ಟೆ ಒಗ್ಗದವರಿಗೆ, ರೋಗನಿರೋಧ ಶಕ್ತಿ ಕುಂದಿದವರಿಗೆ ಇದನ್ನು ಹಾಕುವುದಿಲ್ಲ. ೬೦ ದಾಟಿದವರಿಗೆ ಯೋಚಿಸಿ ಹಾಕುತ್ತಾರೆ. ಉಳಿದವರಿಗೆ ಒಂದೇ ಸೂಜಿ ಜೀವಮಾನಕ್ಕೆಲ್ಲ ಸಾಕು. ಹಿಂದೆ ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕೆಂದಿದ್ದ ನಿಯಮವನ್ನು ೨೦೧೬ರಲ್ಲಿ ತೆಗೆದುಹಾಕಿದರು.

ಇನ್ನು ನಮ್ಮ ದೇಶದ ಮಾತು. ರೋಗ ಹರಡಲು ಬೇಕಾದುದೆಲ್ಲವೂ ನಮ್ಮಲ್ಲಿದೆ: ಸೊಳ್ಳೆಯಿದೆ, ಬೇಕಾದಷ್ಟು ಮಂಗಗಳಿವೆ, ಲಸಿಕೆ ಕಾಣದ ಕೋಟ್ಯಂತರ ಜನರಿದ್ದಾರೆ. ಆದರೂ ಏಕೆ ಬಂದಿಲ್ಲ? ಡೆಂಗಿಯಂಥ ಬಂಧುರೋಗಗಳು ನಮ್ಮ ರಕ್ತಕ್ಕೆ ಸ್ವಲ್ಪ ಕಾವಲು ಕೊಟ್ಟಿರಬಹುದೆಂದು ಕೆಲವರು, ಇಲ್ಲಿಯ ಸೊಳ್ಳೆ ಅಷ್ಟು ಸಮರ್ಥವಲ್ಲವೆಂದು ಕೆಲವರು, ಬಂದರು ಮತ್ತು ವಿಮಾನ ನಿಲ್ದಾಣಗಳ ಕಟ್ಟುಪಾಡೇ ಕಾರಣವೆಂದು ಕೆಲವರು ಹೇಳುತ್ತಾರೆ. ಒಂದೂ ತೀರ್ಮಾನವಾಗಿಲ್ಲ. ತೀರ್ಮಾನವಾಗದ ಕಾರಣವನ್ನು ನೆಚ್ಚಿ ನಿದ್ರಿಸುವುದು ಜಾಣತನವಲ್ಲ.

ಒಮ್ಮೆ ನಮ್ಮ ಮಲೆನಾಡೇ ಈ ಭೀತಿಯನ್ನು ಕಂಡಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದುವು. ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಜ್ವರ ಬಂದು ರಕ್ತಸ್ರಾವವಾಯಿತು. ಮಂಗವೂ ಮನುಷ್ಯನೂ ಕೂಡಿಯೇ ಸಾಯುವುದನ್ನು ಕಂಡ ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರಿಗೆ, ಹಳದಿ ಜ್ವರವೇ ಕೊನೆಗೂ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಶಂಕೆ ಹುಟ್ಟಿತು. ಪರೀಕ್ಷೆಯಲ್ಲಿ ಅದು ಬೇರೆಯೇ ವೈರಸ್ಸೆಂದು, ಸೊಳ್ಳೆಯಿಂದಲ್ಲ ಉಣ್ಣಿಯಿಂದ ಬರುವುದೆಂದು ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಹಳದಿ ಜ್ವರ, ಡೆಂಗಿ, ಮಂಗನ ಕಾಯಿಲೆ ಮೂರೂ ಒಂದೇ ಕುಲದವು. ಆ ಕುಲದ ಶಾಸ್ತ್ರೀಯ ಹೆಸರು ಕೂಡ ಹಳದಿಯೆಂಬರ್ಥದ ಲ್ಯಾಟಿನ್ ಶಬ್ದದಿಂದಲೇ ಬಂದದ್ದು. ಸತ್ತ ಮಂಗ ನಮಗೆ ಎಚ್ಚರಿಕೆಯ ಗಂಟೆ. ಬ್ರೆಜಿಲಿನಲ್ಲಿ ೨೦೧೬ರ ಕೊನೆಯಿಂದ ಈ ಜ್ವರ ಹಬ್ಬಿದಾಗ ಹೆದರಿದ ಜನ ಮಂಗಗಳನ್ನೇ ಹೊಡೆದು ಕೊಂದರು; ಗಂಟೆಯನ್ನು ಒಡೆದರೆ ಕಳ್ಳನು ಓಡಿಹೋಗುವನೇ?

ಏಷ್ಯಾದ ಬಾಗಿಲು ಭದ್ರವಾಗಿದೆಯೆಂಬ ನಂಬಿಕೆಗೂ ೨೦೧೬ರಲ್ಲಿಯೇ ಪೆಟ್ಟು ಬಿದ್ದಿತು. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಅಂಗೋಲಾದ ಲುವಾಂಡಾ ನಗರದಲ್ಲಿ ಮೊದಲಾದ ಪಿಡುಗು ಕಾಂಗೋಕ್ಕೂ ದಾಟಿತು. ಲಸಿಕೆ ಸಾಲದೆ ಕಿನ್ಶಾಸಾದಲ್ಲಿ ಪ್ರಮಾಣವನ್ನು ಐದನೆಯ ಒಂದು ಪಾಲಿಗೆ ಇಳಿಸಿ ೭೦ ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಬೇಕಾಯಿತು. ಅಂಗೋಲಾದಲ್ಲಿ ದುಡಿಯುತ್ತಿದ್ದ ಚೀನೀಯರಲ್ಲಿ ೧೧ ಮಂದಿ ರೋಗವನ್ನು ಹೊತ್ತೇ ಚೀನಕ್ಕೆ ಮರಳಿದರು. ಅಲ್ಲಿ ಅದು ಹರಡಲಿಲ್ಲ, ಪುಣ್ಯ. ನಮ್ಮವರೂ ಅಲ್ಪಸಂಖ್ಯೆಯಲ್ಲಿ ಆಫ್ರಿಕದಲ್ಲಿಲ್ಲ; ವ್ಯಾಪಾರಕ್ಕೆ, ಗಣಿಗೆ, ಅಧ್ಯಾಪಕ ವೃತ್ತಿಗೆ, ಶಾಂತಿಸೇನೆಗೆ ಹೋಗುತ್ತಲೇ ಇದ್ದಾರೆ. ನಾಳೆ ನಮ್ಮಲ್ಲಿಯೇ ಯಾರಾದರೂ ಹೋಗಬಹುದು.

ರೋಗವಿರುವ ದೇಶದಿಂದ ಬರುವವನು ಲಸಿಕೆಯ ಹಳದಿ ಚೀಟಿಯನ್ನು ತೋರಿಸಬೇಕು, ಇಲ್ಲವಾದರೆ ಆರು ದಿನ ಪ್ರತ್ಯೇಕವಾಗಿರಬೇಕು ಎಂಬುದು ನಮ್ಮ ಸರ್ಕಾರದ ನಿಯಮ. ಇದನ್ನು ಅಧಿಕಾರಿಗಳ ಕಿರುಕುಳವೆಂದು ಹಳಿಯುವವರನ್ನು ಕೇಳಿದ್ದೇನೆ. ನನ್ನ ಪರಿಚಿತರೊಬ್ಬರು ಪಶ್ಚಿಮ ಆಫ್ರಿಕಕ್ಕೆ ಕೆಲಸದ ಮೇಲೆ ಹೊರಟಾಗ ಪ್ರಯಾಣದ ದಲ್ಲಾಳಿಯೊಬ್ಬನು, “ಸೂಜಿ ಗೀಜಿ ಯಾಕೆ ಸ್ವಾಮಿ, ಚೀಟಿ ತಾನೆ ಬೇಕಾದದ್ದು? ದುಡ್ಡು ಕೊಡಿ, ನಾಳೆ ತಂದುಕೊಡುತ್ತೇನೆ” ಎಂದನಂತೆ. ಅವರು, “ಸೊಳ್ಳೆ ಚೀಟಿ ಓದುತ್ತದೆಯೇನಯ್ಯ?” ಎಂದು ಕೇಳಿ, ಬೆಂಗಳೂರಿಗೆ ಹೋಗಿ ಅಧಿಕೃತ ಕೇಂದ್ರದಲ್ಲಿಯೇ ಲಸಿಕೆ ಹಾಕಿಸಿಕೊಂಡರು. ಎಲ್ಲರೂ ಹೀಗೆ ಕೇಳುವವರಲ್ಲ.

ಆರು ದಿನದ ಲೆಕ್ಕ ಯಾವ ಗುಮಾಸ್ತನ ಮನಸ್ಸಿಗೆ ತೋಚಿದ್ದಲ್ಲ. ಸೊಳ್ಳೆ ಕಚ್ಚಿದ ಮೇಲೆ ಜ್ವರ ಏಳಲು ಹಿಡಿಯುವ ಅತಿ ಹೆಚ್ಚಿನ ಅವಧಿ ಅದು. ಚೀಟಿಯು ಲಸಿಕೆ ಹಾಕಿಸಿದ ಹತ್ತು ದಿನಗಳ ಮೇಲೆ ಮಾತ್ರ ಊರ್ಜಿತವಾಗುವುದೂ ಹಾಗೆಯೇ. ಮೈಯಲ್ಲಿ ಕಾಪು ಹುಟ್ಟಲು ಅಷ್ಟು ಕಾಲ ಬೇಕು. ಹೊರಡುವ ಹಿಂದಿನ ದಿನ ಓಡಿಹೋಗಿ ಚುಚ್ಚಿಸಿಕೊಂಡು, ಅಧಿಕಾರಿ ತಡೆದನೆಂದು ಕೂಗಾಡುವವನ ಪಕ್ಷ ನಾನು ವಹಿಸಲಾರೆ. ಆದರೆ ಸರ್ಕಾರದ ಕಡೆಗೂ ಒಂದು ಮಾತುಂಟು. ಅಧಿಕೃತ ಕೇಂದ್ರಗಳು ದೊಡ್ಡ ನಗರಗಳಲ್ಲಿಯೇ ಕೆಲವು ಇದ್ದು, ಗೊತ್ತಾದ ದಿನಗಳಲ್ಲಿ ಮಾತ್ರ ತೆರೆದಿದ್ದರೆ, ದೂರದ ಜಿಲ್ಲೆಯ ಬಡ ಕೆಲಸಗಾರನಿಗೆ ಬಸ್ಸಿನ ಖರ್ಚೂ ಎರಡು ದಿನದ ಸಂಬಳವೂ ಹೋಗುತ್ತವೆ. ದಲ್ಲಾಳಿ ಹುಟ್ಟುವುದು ಆ ಸಂದಿನಲ್ಲಿಯೇ. ಸುಳ್ಳು ಚೀಟಿಗೆ ಶಿಕ್ಷೆ ಹೆಚ್ಚಿಸುವುದಕ್ಕಿಂತ ನಿಜವಾದ ಸೂಜಿಯನ್ನು ಹತ್ತಿರಕ್ಕೆ ತರುವುದು ಮೇಲು.

ಇಷ್ಟಾದರೂ ಬಾಗಿಲ ಕಾವಲು ಅರ್ಧ ಕೆಲಸ ಮಾತ್ರ. ಯಾರೋ ಒಬ್ಬನು ತಪ್ಪಿಸಿಕೊಂಡು ಒಳಬಂದನೆಂದು ಇಟ್ಟುಕೊಳ್ಳಿ. ಅವನಿಂದ ಇನ್ನೊಬ್ಬನಿಗೆ ರೋಗ ದಾಟಬೇಕಾದರೆ ಅವನ ನೆರೆಯಲ್ಲಿ ಈಡಿಸ್ ಸೊಳ್ಳೆಯಿರಬೇಕು. ಅದು ಇದೆಯೆಂಬುದಕ್ಕೆ ಪ್ರತಿವರ್ಷದ ಡೆಂಗಿಯೇ ಸಾಕ್ಷಿ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಸುವ ಮನೆಯವರಿಗೆ ದಂಡವನ್ನೂ ಗೊತ್ತುಮಾಡಿತು. ಗೊರ್ಗಾಸ್ ಹವಾನಾದಲ್ಲಿ ಮಾಡಿದ್ದೂ ಅದನ್ನೇ. ಆದರೆ ನಮ್ಮಲ್ಲಿ ಸೊಳ್ಳೆಯ ಕಾಟವೆಂದರೆ ಹೊಗೆಯ ಗಾಡಿಯೊಂದು ಗುಡುಗುಡಿಸುತ್ತ ಬೀದಿಯಲ್ಲಿ ಹೋಗಬೇಕು, ಚರಂಡಿಗೆ ಬಿಳಿಯ ಪುಡಿ ಚೆಲ್ಲಬೇಕು. ಆಗ ಎಲ್ಲರಿಗೂ ಸಮಾಧಾನ. ಈ ಸೊಳ್ಳೆ ಬೀದಿಯಲ್ಲಿಲ್ಲ, ಚರಂಡಿಯಲ್ಲಿಲ್ಲ. ಬಚ್ಚಲ ತೊಟ್ಟಿಯಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ, ಹಿತ್ತಲಿಗೆ ಹಾಕಿದ ಹಳೆಯ ಒರಳುಕಲ್ಲಿನಲ್ಲಿ, ತೆಂಗಿನ ಕರಟದಲ್ಲಿ, ತೋಟದಲ್ಲಿ ಬಿದ್ದ ಅಡಕೆ ಹಾಳೆಯಲ್ಲಿ, ಟೈರಿನಲ್ಲಿ ಇದೆ. ಕಚ್ಚುವುದು ಹಗಲಿನಲ್ಲಿ, ಆದುದರಿಂದ ರಾತ್ರಿಯ ಪರದೆಯೂ ಪೂರ್ತಿ ಕಾಯದು. ಮೊಟ್ಟೆಯನ್ನು ನೀರಿನ ಅಂಚಿಗೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಜೀವದಿಂದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದುದರಿಂದ ಬಗ್ಗಿಸಿದರೆ ಸಾಲದು, ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಬೇಕಾದುದರಿಂದ ವಾರಕ್ಕೊಮ್ಮೆ ಉಜ್ಜಿದರೆ ಯಾವ ಮರಿಗೂ ರೆಕ್ಕೆ ಮೂಡದು.

ಗೊರ್ಗಾಸನ ತನಿಖೆಯವರು ಯಾರೂ ವಿಜ್ಞಾನಿಗಳಾಗಿರಲಿಲ್ಲ. ಮನೆಯೊಳಗೆ ಹೊಕ್ಕು ತೊಟ್ಟಿ ಇಣುಕಿ ನೋಡುವ ಛಲವಿದ್ದವರು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ವರ್ಷಕ್ಕೊಂದು ಶಿಬಿರ ನಡೆಸಿ ರಸ್ತೆ ಗುಡಿಸುತ್ತಾರೆ, ಛಾಯಾಚಿತ್ರವೂ ಆಗುತ್ತದೆ. ಅದರ ಬದಲು ಮಳೆಗಾಲದ ನಾಲ್ಕು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ, ಇಬ್ಬಿಬ್ಬರು ಸೇರಿ, ಕಾಲೇಜಿನ ಸುತ್ತಣ ಎರಡು ಬೀದಿಗಳ ಮನೆಗಳಿಗೆ ಹೋಗಿ, “ಅಮ್ಮಾ, ತೊಟ್ಟಿ ನೋಡಬಹುದೇ?” ಎಂದು ಕೇಳಬೇಕೆಂಬುದು ನನ್ನ ಸೂಚನೆ. ಮರಿ ಕಂಡ ಮನೆಗಳ ಎಣಿಕೆಯನ್ನು ವಾರವಾರವೂ ಪುಸ್ತಕದಲ್ಲಿ ಬರೆದಿಟ್ಟರೆ, ಅರ್ಥಶಾಸ್ತ್ರ ವಿಭಾಗದವರು ಅದರಿಂದ ನಕ್ಷೆ ತೆಗೆಯಬಲ್ಲರು. ಮೊದಲ ಶನಿವಾರ ವಿದ್ಯಾರ್ಥಿನಿಲಯದ ಹಿಂದಿನ ಸಿಮೆಂಟಿನ ತೊಟ್ಟಿಯಿಂದಲೇ ಆರಂಭಿಸೋಣ. ಅದರ ಮುಚ್ಚಳ ಹೋದ ವರ್ಷದ ಗಾಳಿಗೆ ಹಾರಿಹೋದದ್ದು ಇನ್ನೂ ಬಂದಿಲ್ಲ. ಕಳೆದ ವಾರ ನಾನು ಇಣುಕಿ ನೋಡಿದಾಗ ನೀರಿನಲ್ಲಿ ತಲೆಕೆಳಗಾಗಿ ಕುಣಿಯುತ್ತಿದ್ದ ಮರಿಗಳಿಗೆ ಲೆಕ್ಕವಿರಲಿಲ್ಲ.